ಅನುವಾದದ ದುಡ್ಡನ್ನೂ ಮನೆಯ ಲೆಕ್ಕಕ್ಕೆ ಬರೆ

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಓದಿದೆ. ಕಥೆ ಬರೆಯುವುದರ ಬಗ್ಗೆ ನಾಲ್ಕು ಸಾಲು, ದುಡ್ಡಿನ ಬಗ್ಗೆ ಎರಡು ಪುಟ. ಅದಕ್ಕೆ ಕ್ಷಮೆ ಬೇರೆ ಕೇಳಿದ್ದೀಯ. ಯಾಕಮ್ಮ? ದುಡ್ಡಿನ ಮಾತೇ ಆಡದ ಬರಹಗಾರರ ಮನೆಯಲ್ಲಿ ಬೇರೆ ಯಾರೋ ಸಂಬಳ ತರುತ್ತಿರುತ್ತಾರೆ, ಅಷ್ಟೇ. ಕಥೆಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನೀನು ಅನುವಾದ ಮಾಡಿ ತರುವುದನ್ನು ಮನೆಯಲ್ಲಿ 'ಅವಳ ಕೈಖರ್ಚಿಗಾಯ್ತು' ಅನ್ನುತ್ತಾರೆ ಎಂದು ಬರೆದಿದ್ದೀಯ. ಕೆಟ್ಟ ಮನಸ್ಸಿನಿಂದ ಅಂದಿರಲಾರರು. ಆದರೆ ಹೋದ ಜೂನ್‌ನಲ್ಲಿ ಮಗುವಿನ ಸ್ಕೂಲ್ ಫೀಸು ಯಾವ ದುಡ್ಡಿನಲ್ಲಿ ಕಟ್ಟಿದಿರಿ? ಅತ್ತೆಯ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಮೊದಲು ಕೊಟ್ಟ ಹಣ ಯಾರದ್ದು? ಎರಡೂ ನಿನ್ನ ಪತ್ರದಲ್ಲೇ ಇವೆ, ನೀನೇ ಗಮನಿಸಿಲ್ಲ. ಒಬ್ಬರ ಸಂಬಳದ ಮನೆಯಲ್ಲಿ ಬಾಡಿಗೆ, ರೇಷನ್, ಹಾಲು, ಗ್ಯಾಸು, ಬೈಕಿನ ಕಂತು ಅಂತ ಹತ್ತನೇ ತಾರೀಖಿಗೆಲ್ಲ ಸಂಬಳ ಕರಗಿರುತ್ತದೆ. ಫೀಸು, ವಿಮೆಯ ಕಂತು, ಮದುವೆ ಮನೆಯ ಮುಯ್ಯಿ, ಇವೆಲ್ಲ ಬರುವುದು ಅದರ ಮೇಲೆ. ಆಗ ಸಾಲ ಮಾಡದಂತೆ ಕಾಯುವುದು ನಿನ್ನ ದುಡ್ಡು. ಬಂದ ಹಾಗೆ ಖರ್ಚಾಗಿ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದಕ್ಕೇ ಒಂದು ಪುಸ್ತಕ ಇಡು. ಸಾದಾ ಲಾಂಗ್ ನೋಟ್‌ಬುಕ್ ಸಾಕು. ಕೆಲಸ ಕಳಿಸಿದ ದಿನ, ಕೆಲಸ ಕೊಟ್ಟವರ ಹೆಸರು, ಎಷ್ಟು ಪದ, ದರ, ಬಿಲ್ ಮೊತ್ತ, ದುಡ್ಡು ಬಂದ ದಿನ. ಕೊನೆಯಲ್ಲಿ ಇನ್ನೊಂದು ಕಾಲಂ ಹಾಕಿಕೋ: ಯಾವುದಕ್ಕೆ ಹೋಯಿತು. ಬೇರೆ ಕಾಲಂ ಬಿಟ್ಟರೂ ಇದನ್ನು ಬಿಡಬೇಡ. ವರ್ಷ ತುಂಬಿದ ಮೇಲೆ ಗಂಡನ ಜೊತೆ ಕೂತು ಆ ಕಾಲಂ ಓದು. ಜಗಳಕ್ಕಲ್ಲ. ಮುಂದಿನ ವರ್ಷದ ಖರ್ಚನ್ನು ಇಬ್ಬರೂ ಹಂಚಿಕೊಳ್ಳುವುದಕ್ಕೆ. ಮತ್ತೆ, ನೀನು ಕಂಪ್ಯೂಟರ್ ಮುಂದೆ ಕೂತಾಗ 'ಸುಮ್ನೆ ಕೂತಿದ್ದಾಳೆ' ಅಂತ ಯಾರಾದರೂ ಕುಕ್ಕರ್ ಇಡಲು ಕರೆಯುವುದೂ ಸ್ವಲ್ಪ ಕಡಿಮೆಯಾದೀತು!

ಈ ದುಡ್ಡಿಗೆ ಒಂದು ದೊಡ್ಡ ರೋಗವಿದೆ, ತಡ. ಅನುವಾದದ ಕೆಲಸ ಕೊಡುವ ಏಜೆನ್ಸಿಗಳು 30 ದಿನ, 45 ದಿನ, 60 ದಿನ ಅನ್ನುತ್ತವೆ. ಮಾರ್ಚ್‌ನಲ್ಲಿ ಮುಗಿಸಿದ ಕೆಲಸದ ಹಣ ಜೂನ್‌ಗೆ ಬಂದರೆ ಆಶ್ಚರ್ಯವಿಲ್ಲ. ಹಾಗಾಗಿ ಬಾಡಿಗೆಯನ್ನೂ ಹಾಲಿನ ಲೆಕ್ಕವನ್ನೂ ಇದಕ್ಕೆ ಕಟ್ಟಿಹಾಕಬೇಡ. ಬೇರೆ ಉಳಿತಾಯ ಖಾತೆ ತೆರೆದು ಬಂದದ್ದೆಲ್ಲ ಅಲ್ಲಿಗೇ ಬೀಳಲಿ. ತಿಂಗಳಿಗೆ ಇಷ್ಟು ಅಂತ ನಿಗದಿ ಮಾಡಿ ಅಲ್ಲಿಂದ ಮನೆಗೆ ಕೊಡು. ಕೆರೆ ತುಂಬಿತು ಅಂತ ಯಾರೂ ತೂಬನ್ನು ಪೂರ್ತಿ ಎತ್ತುವುದಿಲ್ಲ, ಅಲ್ವಾ?

ತಡ ಮಾಡುವವರಿಗೆ ಮದ್ದೂ ಉಂಟು. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ 'ಉದ್ಯಮ್' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೋ. ಅದು ಉಚಿತ, ಮಧ್ಯವರ್ತಿಗೆ ಒಂದು ರೂಪಾಯಿಯೂ ಕೊಡಬೇಡ. ಸಣ್ಣ ಉದ್ಯಮಗಳಿಗೆಂದು 2006ರಲ್ಲಿ ಬಂದ ಕಾನೂನಿನ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಕೋರ್ಟಿಗೆ ಹೋಗು ಅನ್ನುತ್ತಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಬರೆದರೇ ಎಷ್ಟೋ ಅಕೌಂಟ್ಸ್ ವಿಭಾಗಗಳು ಚುರುಕಾಗುತ್ತವೆ.

20,000ದ ಬಿಲ್ಲಿಗೆ 18,000 ಬಂತು, ಮೋಸವಾಯಿತೇ ಅಂತ ಕೇಳಿದ್ದೀಯ. ಮೋಸವಲ್ಲ, ಟಿಡಿಎಸ್. ಶೇ 10ರಷ್ಟು ಹಿಡಿದು ನಿನ್ನ ಪ್ಯಾನ್ ಹೆಸರಿನಲ್ಲಿ ತೆರಿಗೆ ಇಲಾಖೆಗೆ ಕಟ್ಟಿರುತ್ತಾರೆ. ವರ್ಷಕ್ಕೆ ನಿನಗೆ ಬಂದದ್ದು ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ಸ್ ಹಾಕಿ ವಾಪಸ್ ತೆಗೆದುಕೊಳ್ಳಬಹುದು. ತೆರಿಗೆ ಇಲ್ಲದಿದ್ದರೂ ಪ್ರತಿ ವರ್ಷ ರಿಟರ್ನ್ಸ್ ಹಾಕು. ನಾಳೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ. ನಿನ್ನ ಹತ್ತಿರ ತೋರಿಸಲು ಇರುವುದು ಇದೊಂದೇ.

ಇನ್ನು ದರ. ಪದಕ್ಕೆ ಎಷ್ಟು ಅನ್ನುವ ಮೊದಲು ಯಾವ ಭಾಷೆಯ ಪದ ಎಣಿಸುತ್ತಾರೆ ಅಂತ ಕೇಳು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಾಗ ಪದಗಳ ಲೆಕ್ಕ ಇಳಿಯುತ್ತದೆ. 1,000 ಇದ್ದದ್ದು 750ಕ್ಕೆ ನಿಂತರೂ ನಿಂತಿತು. ಕನ್ನಡ ಎಣಿಸಿ ದುಡ್ಡು ಕೊಟ್ಟರೆ ಕಾಲು ಭಾಗ ಅಲ್ಲೇ ಹೋಯಿತು. ಮೂಲದ ಪದಕ್ಕೇ ದರ ಹೇಳು. ದಿನಕ್ಕೆ 2,000 ಪದ ಅಂದರೆ ಪೂರ್ತಿ ದಿನದ ಕೆಲಸ. ಪದಕ್ಕೆ ಒಂದು ರೂಪಾಯಿ ಅಂದುಕೊಂಡರೂ 2,000 ರೂಪಾಯಿ. ಆದರೆ ತಿಂಗಳೆಲ್ಲ ಕೆಲಸ ಬರುವುದಿಲ್ಲ, ಹಾಗಾಗಿ ಮೂವತ್ತರಿಂದ ಗುಣಿಸಿ ಕನಸು ಕಾಣಬೇಡ. ಯಂತ್ರ ಮಾಡಿದ ಅನುವಾದ ತಿದ್ದಿಕೊಡಿ, ಅರ್ಧ ದರ ಅನ್ನುವವರು ಈಗ ಜಾಸ್ತಿ. ಅದಕ್ಕೆ ಗಂಟೆಯ ಲೆಕ್ಕ ಕೇಳು. ಕೆಲವು ಪುಟ ತಿದ್ದುವ ಬದಲು ಹೊಸದಾಗಿ ಬರೆಯುವುದೇ ಬೇಗ ಮುಗಿಯುತ್ತದೆ.

ಇವೆಲ್ಲ ಬಿಟ್ಟು ಬರೀ ಕಾದಂಬರಿ ಅನುವಾದ ಮಾಡಲೇ ಅಂದಿದ್ದೀಯ. ಈಗಲೇ ಬೇಡ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಿನ್ನ ಮಾವನವರು ಪೇಪರ್ ಹಿಡಿದು ನಿನ್ನನ್ನು ಹುಡುಕಿಕೊಂಡು ಬಂದರಂತೆ. 50,000 ಪೌಂಡ್, ಲೇಖಕಿಗೂ ಅನುವಾದಕಿಗೂ ಸಮಪಾಲು. ಆ ಸಮಪಾಲು ಕಂಡು ನನಗೂ ಖುಷಿಯಾಯಿತು. ಆದರೆ ಬಹುಮಾನದ ಮೇಲೆ ಸಂಸಾರ ನಡೆಯುವುದಿಲ್ಲ. ಕಾದಂಬರಿ ವರ್ಷ ತಿನ್ನುತ್ತದೆ, ಕೊಡುವುದು ಕಡಿಮೆ. ಬೆಳಿಗ್ಗೆಯ ಒಂದು ಗಂಟೆ ಅದಕ್ಕಿಡು, ಉಳಿದದ್ದು ಮನೆ ನಡೆಸುವ ಕೆಲಸಕ್ಕೆ.

ಆ ಕೆಲಸವನ್ನು ಕೀಳಾಗಿ ಕಾಣಬೇಡ. ಹೊಸ ಔಷಧಿಯ ಪ್ರಯೋಗಕ್ಕೆ ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರ ನಿನ್ನ ಕೈಗೆ ಬಂದಿತ್ತಲ್ಲ, ಅದರಲ್ಲಿ 'ನೀವು ಯಾವಾಗ ಬೇಕಾದರೂ ಇದರಿಂದ ಹೊರಗೆ ಬರಬಹುದು, ಚಿಕಿತ್ಸೆ ನಿಲ್ಲುವುದಿಲ್ಲ' ಎಂಬಂಥ ಸಾಲು ಇದ್ದೇ ಇರುತ್ತದೆ. ವಾರ್ಡಿನಲ್ಲಿ ಕೂತ ಹೆಂಗಸೊಬ್ಬಳು ಅದನ್ನು ಒಂದೇ ಓದಿಗೆ ತಿಳಿಯಬೇಕು. ಅಷ್ಟು ನೇರವಾದ ವಾಕ್ಯ ಬರೆಯಲು ಕಲಿತವಳಿಗೆ ಕಥೆಯಲ್ಲೂ ಅದು ಒದಗಿಬರುತ್ತದೆ.

ಪ್ರಕಾಶಕರು ಕಳಿಸಿದ ಒಪ್ಪಂದದ ವಿಷಯ. ಅನುವಾದದ ಹಕ್ಕುಸ್ವಾಮ್ಯ ಮೊದಲು ನಿನ್ನದೇ, ನೀನು ಬರೆದುಕೊಟ್ಟರೆ ಮಾತ್ರ ಅವರದ್ದು. ಎಷ್ಟು ವರ್ಷಕ್ಕೆ ಅಂತ ಒಪ್ಪಂದದಲ್ಲಿ ಹೇಳದಿದ್ದರೆ ಕಾನೂನು ಅದನ್ನು 5 ವರ್ಷ ಅನ್ನುತ್ತದೆ. 'ಶಾಶ್ವತವಾಗಿ' ಅಂತಿದ್ದರೆ ಹೊಡೆದುಹಾಕಲು ಕೇಳು. ಮುಂಗಡ ಎಷ್ಟು, ಮರುಮುದ್ರಣಕ್ಕೆ ಏನು, ರಕ್ಷಾಪುಟದ ಮೇಲೆ ನಿನ್ನ ಹೆಸರು ಇರುತ್ತದೋ ಇಲ್ಲವೋ, ಮೂರನ್ನೂ ಬರಹದಲ್ಲಿ ತೆಗೆದುಕೋ. ಸಹಿ ಮಾಡುವ ಮೊದಲು ನನಗೊಂದು ಪ್ರತಿ ಕಳಿಸು, ಓದಿ ಫೋನ್ ಮಾಡುತ್ತೇನೆ.

ನಿನ್ನ ಅಕ್ಕ