ಠಾಣೆಯ ಗೋಡೆಗೆ ಒಂದು ಫೋನ್ ನಂಬರ್ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಫೋಟೊ ಬರುತ್ತದೆ. ಬಸ್ ನಿಲ್ದಾಣ, ಹರಿದ ಬಟ್ಟೆಯ ಒಬ್ಬ ಮನುಷ್ಯ, ಕೆಳಗೆ ‘ಮಾನಸಿಕ ಅಸ್ವಸ್ಥನ ಹಾವಳಿ, ಪೊಲೀಸರು ಇತ್ತ ಗಮನ ಹರಿಸುವರೇ?’ ಅನ್ನುವ ಸಾಲು. ಆ ಫೋಟೊ ಬಂದ ದಿನ ಠಾಣೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳಬಲ್ಲೆ. 33 ವರ್ಷ ಖಾಕಿ ಹಾಕಿ, 2022ರಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದವನು ನಾನು. ಹಳಬರು ಈಗಲೂ ದಫೇದಾರ್ರೇ ಅಂತಲೇ ಕರೆಯುತ್ತಾರೆ.

ಬೆಳಿಗ್ಗೆಯೇ ಮೇಲಿನಿಂದ ಫೋನ್ ಬರುತ್ತದೆ. ‘ಏನ್ರೀ ಅದು, ಪೇಪರಲ್ಲಿ?’ ಅಷ್ಟೇ. ಸಂಜೆಯ ಹೊತ್ತಿಗೆ ಆ ಮನುಷ್ಯ ಬಸ್ ನಿಲ್ದಾಣದಲ್ಲಿ ಇರುವುದಿಲ್ಲ. ಎಲ್ಲಿಗೆ ಹೋದ ಅಂತ ಯಾರೂ ಕೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನೀವೂ ಕೇಳಿಲ್ಲ.

2009ರ ಮಳೆಗಾಲದಲ್ಲಿ ಹೀಗೆ ಒಬ್ಬನನ್ನು ಸಾಗಹಾಕಿದವನು ನಾನೇ. ಯಾವ ಠಾಣೆ ಅಂತ ಬರೆಯುವುದಿಲ್ಲ. ರೈಲ್ವೆ ಜಂಕ್ಷನ್ ಇರುವ ಊರು. ಅಂಥ ಊರುಗಳಲ್ಲಿ ಎಲ್ಲಿಂದಲೋ ಬಂದು ಇಳಿದು ಅಲ್ಲೇ ಉಳಿಯುವವರು ಜಾಸ್ತಿ. ಅವನಿಗೆ ನಲವತ್ತರ ಆಸುಪಾಸು. ಆಡುವ ಮಾತು ನಮ್ಮ ಯಾರಿಗೂ ತಿಳಿಯುತ್ತಿರಲಿಲ್ಲ. ರಾತ್ರಿ ಹತ್ತೂವರೆಗೆ ಜೀಪು ಹತ್ತಿಸಿದೆವು. ಗಲಾಟೆ ಮಾಡಲಿಲ್ಲ. ಹೈವೇಯಲ್ಲಿ ಒಂದು ಲಾರಿಗೆ ಕೈ ಅಡ್ಡ ಹಾಕಿ, ‘ನಮ್ಮ ಲಿಮಿಟ್ ದಾಟಿದ ಮೇಲೆ ಎಲ್ಲಾದರೂ ಇಳಿಸಿಬಿಡಪ್ಪಾ’ ಅಂದೆ. ಡ್ರೈವರ್ ಗೊಣಗಿದ, ಆದರೆ ಪೊಲೀಸರಿಗೆ ಆಗಲ್ಲ ಅನ್ನುವುದು ಹೇಗೆ? ಹತ್ತಿಸುವಾಗ ಅವನ ಅಂಗಿ ಮೇಲೆ ಸರಿಯಿತು. ಟಾರ್ಚ್ ಬೆಳಕಿಗೆ ಉಡಿದಾರ ಕಾಣಿಸಿತು. ಅದಕ್ಕೆ ಐದು ಬೀಗದ ಕೈ ಕಟ್ಟಿಕೊಂಡಿದ್ದ. ಒಂದು ಬೀರುವಿನದು, ಒಂದು ಸೈಕಲ್ಲಿನದು. ಬಟ್ಟೆಯೆಲ್ಲ ಕೊಳೆ, ಆದರೆ ಕೈಯಲ್ಲಿ ತಿಕ್ಕಿ ತಿಕ್ಕಿ ಆ ಬೀಗದ ಕೈಗಳು ಮಾತ್ರ ಮಿರಮಿರ ಮಿಂಚುತ್ತಿದ್ದವು. ಎಲ್ಲೋ ಒಂದು ಮನೆ ಇದೆ, ಮನೆಯಲ್ಲಿ ಬೀರು ಇದೆ ಅಂತ ಆ ಕ್ಷಣ ಹೊಳೆಯಿತು. ಅಷ್ಟರಲ್ಲಿ ಲಾರಿ ಹೊರಟಿತ್ತು. ಸ್ಟೇಷನ್ ಡೈರಿಯಲ್ಲಿ ಒಂದಕ್ಷರ ಬರೆಯಲಿಲ್ಲ.

ಆಗ 1987ರ ಮಾನಸಿಕ ಆರೋಗ್ಯ ಕಾಯ್ದೆ ಇತ್ತು. ಅಂಥವರನ್ನು ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವರ ಆರ್ಡರ್ ಹಿಡಿದು ಮಾನಸಿಕ ಆಸ್ಪತ್ರೆಗೆ ಓಡಬೇಕು. ಅಂದರೆ ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಧಾರವಾಡ. ಇಬ್ಬರು ಪೇದೆಗಳು, ಒಂದು ಗಾಡಿ, ಎರಡು ದಿನ. ಗಣಪತಿ ಬಂದೋಬಸ್ತ್ ಹೊತ್ತಿನಲ್ಲಿ ಯಾವ ಸಬ್‌ಇನ್‌ಸ್ಪೆಕ್ಟರ್ ಇಬ್ಬರನ್ನು ಬಿಟ್ಟುಕೊಡುತ್ತಾರೆ? ಲಾರಿಗೆ ಹತ್ತಿಸುವುದು ಸುಲಭ. ಇದು ಸಮರ್ಥನೆ ಅಲ್ಲ, ನಡೆಯುತ್ತಿದ್ದದ್ದು ಹೀಗೆ.

ಈಗ ಕಾನೂನು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ. ಅದರ 100ನೇ ಸೆಕ್ಷನ್ ಪೂರಾ ಪೊಲೀಸರಿಗೇ ಬರೆದದ್ದು. ಬೀದಿಯಲ್ಲಿ ಅಲೆಯುವ, ತನ್ನನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿ ಕಂಡರೆ ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಯಾಕೆ ಕರೆದೊಯ್ಯುತ್ತಿದ್ದೇವೆ ಅಂತ ಅವರಿಗೇ ಹೇಳಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಏನೇ ಆದರೂ ಲಾಕಪ್ಪಿಗೆ ಹಾಕುವಂತಿಲ್ಲ. ಮನೆಮಠ ಗೊತ್ತಿಲ್ಲದಿದ್ದರೆ ಮಿಸ್ಸಿಂಗ್ ಎಫ್‌ಐಆರ್ ಮಾಡಿ ಮನೆಯವರನ್ನು ಹುಡುಕಬೇಕು. ಗಮನಿಸಿ, ಕೋರ್ಟಿಗೆ ಹೋಗಬೇಕು ಅಂತ ಇಲ್ಲಿ ಇಲ್ಲ. ನಿಮ್ಹಾನ್ಸೇ ಆಗಬೇಕು ಅಂತಲೂ ಇಲ್ಲ. ಹತ್ತಿರದ ಆಸ್ಪತ್ರೆ ಅಂದರೆ ತಾಲ್ಲೂಕು ಆಸ್ಪತ್ರೆಯೂ ಆದೀತು. ಪರೀಕ್ಷೆಗೆ ಏರ್ಪಾಡು ಮಾಡುವುದು ಅಲ್ಲಿಯ ವೈದ್ಯಾಧಿಕಾರಿಯ ಕೆಲಸ.

ರೋಲ್‌ಕಾಲ್‌ನಲ್ಲಿ ಇದನ್ನು ಓದಿ ಹೇಳಿದರು. ಸರಿ ಅಂದೆವು. ಆಮೇಲೆ ಒಂದು ರಾತ್ರಿ ಬಸ್ ನಿಲ್ದಾಣದಲ್ಲಿ ಸಿಕ್ಕ ಹೆಂಗಸೊಬ್ಬರನ್ನು ಮಹಿಳಾ ಪೇದೆಯ ಜೊತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಮಾತು: ‘ಕೋರ್ಟ್ ಆರ್ಡರ್ ಇದೆಯಾ?’ ಕಾನೂನು ಬದಲಾದದ್ದು ನಮಗೆ ಹೇಳಿದ್ದರು, ಅವರಿಗೆ ಯಾರೂ ಹೇಳಿರಲಿಲ್ಲ ಅನ್ನಿಸುತ್ತದೆ. ಎರಡನೆಯ ಮಾತು: ‘ಮನೋರೋಗದ ಡಾಕ್ಟರ್ ಮಂಗಳವಾರ ಬರ್ತಾರೆ.’ ಅವತ್ತು ಗುರುವಾರ. ಅಲ್ಲಿಂದ ಜಿಲ್ಲಾಸ್ಪತ್ರೆ. ಅಲ್ಲಿ, ‘ಜೊತೆಗೆ ಇರುವವರು ಯಾರು?’ ಮಹಿಳಾ ಪೇದೆ ಎರಡು ದಿನ ಆ ಹೆಂಗಸಿನ ಪಕ್ಕ ಕೂತಳು. ಆ ಪೇದೆಯ ಮಗುವಿಗೆ ಆಗ ಒಂದೂವರೆ ವರ್ಷ. ಡೀಸೆಲ್, ಊಟದ ದುಡ್ಡು ಕೊಟ್ಟದ್ದು ಯಾರು ಅಂತ ಕೇಳಬೇಡಿ.

ಹಳೆ ಕಥೆ ಹೇಳಿ ನಿಮ್ಮ ಜಾಗ ತುಂಬಿಸುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಇದೇ ಕೆಲಸ ಸರಿಯಾಗಿ ಆಗಿದ್ದನ್ನೂ ನಾನು ನೋಡಿದ್ದೇನೆ. ಅದಕ್ಕೆ ಕಾರಣ ಒಂದು ಮೊಬೈಲ್ ನಂಬರ್.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ದೇಶಕ್ಕೇ ಮಾದರಿಯಾದ ಪ್ರಯೋಗ ನಡೆದದ್ದು ನಮ್ಮ ಬಳ್ಳಾರಿಯಲ್ಲಿ, ಎಂಬತ್ತರ ದಶಕದಲ್ಲಿ, ನಿಮ್ಹಾನ್ಸ್‌ನವರಿಂದ. ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಸಮಾಜ ಕಾರ್ಯಕರ್ತರು, ನರ್ಸ್ ಇರುತ್ತಾರೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ‘ಮನೋಚೈತನ್ಯ’ ಕ್ಲಿನಿಕ್ ಇವರದ್ದೇ. ನನ್ನ ಕೊನೆಯ ಠಾಣೆ ಇದ್ದದ್ದು ತೆಂಗಿನ ಸೀಮೆಯಲ್ಲಿ. ಅಲ್ಲಿ ಈ ತಂಡದ ಸಿಸ್ಟರ್ ಒಬ್ಬರು ಒಂದು ದಿನ ತಾವಾಗಿಯೇ ಠಾಣೆಗೆ ಬಂದು, ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಟೇಬಲ್ಲಿನ ಗಾಜಿನ ಕೆಳಗೆ ತಮ್ಮ ನಂಬರ್ ಬರೆದ ಚೀಟಿ ಸೇರಿಸಿ ಹೋದರು. ‘ರಾತ್ರಿಯೂ ಮಾಡಿ ಸಾರ್’ ಅಂದರು. ನಾವು ನಕ್ಕೆವು. ರಾತ್ರಿ ಮಾಡಿ ಅನ್ನುವ ಸರ್ಕಾರಿ ನೌಕರರನ್ನು ನಾವು ನೋಡಿರಲಿಲ್ಲ.

2019ರಲ್ಲಿ ಒಂದು ರಾತ್ರಿ ಹುಡುಗನೊಬ್ಬ ಮಚ್ಚು ಹಿಡಿದು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾನೆ ಅಂತ ಫೋನ್ ಬಂತು. ಹೊರಗೆ ತಾಯಿ ಅಳುತ್ತಿದ್ದರು. ಊರವರು ಇಪ್ಪತ್ತು ಜನ, ಒಬ್ಬನ ಕೈಯಲ್ಲಿ ಆಗಲೇ ಹಗ್ಗ. ನಮ್ಮ ಹುಡುಗರು ಬಾಗಿಲು ಒದೆಯಲು ತಯಾರು. ಸಿಸ್ಟರಿಗೆ ಫೋನ್ ಹಚ್ಚಿದೆ. ಅವರಿಗೆ ಆ ಹುಡುಗ ಗೊತ್ತಿದ್ದ. ಎರಡು ತಿಂಗಳಿಂದ ಕ್ಲಿನಿಕ್ಕಿಗೆ ಬಂದಿಲ್ಲ ಅಂದರು. ಆಮೇಲೆ ಅವರು ಹೇಳಿದ್ದು ಇಷ್ಟು: ಜೀಪಿನ ಲೈಟ್ ಆರಿಸಿ. ಜನರನ್ನು ಕಾಣದಷ್ಟು ದೂರ ಕಳಿಸಿ. ಒಬ್ಬರೇ ಮಾತಾಡಿ. ಸುಳ್ಳು ಹೇಳಬೇಡಿ, ‘ಏನೂ ಇಲ್ಲ, ಸುಮ್ನೆ ಬಾ’ ಅಂತ ಕರೆದು ಹಿಡಿಯಬೇಡಿ, ಆಮೇಲೆ ಅವನು ಯಾರನ್ನೂ ನಂಬುವುದಿಲ್ಲ.

ಟೋಪಿ ತೆಗೆದು ಜಗಲಿಯ ಮೇಲೆ ಕೂತೆ. ಏನು ಮಾತಾಡಬೇಕು ತಿಳಿಯಲಿಲ್ಲ. ಕೊಬ್ಬರಿ ರೇಟು ಮಾತಾಡಿದೆ. ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ ಒಳಗಿನಿಂದ, ‘ರೇಟು ಅಷ್ಟಿಲ್ಲ, ಸುಳ್ಳು ಹೇಳ್ತೀಯ’ ಅಂದ. ಅಲ್ಲಿಂದ ಮಾತಿನ ಎಳೆ ಹಿಡಿದುಕೊಂಡೆ. ನೀರು ಬೇಕಾ ಅಂತ ಕೇಳಿದೆ. ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ, ಸಿಸ್ಟರ್ ಅಲ್ಲೇ ಇರ್ತಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡು ಗಂಟೆ ಹಿಡಿಯಿತು. ಕಿಟಕಿಯಿಂದ ಮಚ್ಚು ಹೊರಗೆ ಹಾಕಿ ಚಿಲಕ ತೆಗೆದ. ಹಗ್ಗ ಬೇಕಾಗಲಿಲ್ಲ.

ಇದರ ಮುಂದಿನದು ಮುಖ್ಯ. ಕೆಲಸ ಚೆನ್ನಾಗಿ ಆಯಿತು ಅನ್ನುವ ಉಮೇದಿನಲ್ಲಿ ನಾನು ವಾರಕ್ಕೊಮ್ಮೆ ಬೀಟ್ ಹೋದಾಗ ಅವರ ಮನೆ ಮುಂದೆ ಬೈಕ್ ನಿಲ್ಲಿಸಿ ‘ಮಾತ್ರೆ ತಗೊಂಡ್ಯಾ?’ ಅಂತ ಕೂಗುತ್ತಿದ್ದೆ. ಒಂದು ದಿನ ಅವನ ತಾಯಿ ಗೇಟಿನ ತನಕ ಬಂದು ಮೆಲ್ಲಗೆ ಹೇಳಿದರು: ‘ನಿಮ್ಮಿಂದ ಉಪಕಾರ ಆಯ್ತಪ್ಪಾ. ಆದ್ರೆ ಈ ಡ್ರೆಸ್ಸಲ್ಲಿ ಬರಬ್ಯಾಡಿ. ಅವನ ತಂಗಿಗೆ ಗಂಡು ನೋಡ್ತಾ ಇದೀವಿ.’ ನನಗೆ ಇದು ಹೊಳೆದೇ ಇರಲಿಲ್ಲ. ಆಮೇಲೆ ವಿಚಾರಿಸುವ ಕೆಲಸ ಆಶಾ ಕಾರ್ಯಕರ್ತೆಗೆ ಬಿಟ್ಟೆವು.

ಅದಕ್ಕೇ 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾದಾಗ ನನಗೆ ಖುಷಿಯ ಜೊತೆ ಸ್ವಲ್ಪ ಭಯವೂ ಆಯಿತು. ಬೀಟ್ ಪೊಲೀಸರು ಮನೆಯವರ ಕಷ್ಟ ಕೇಳುವುದು ಒಳ್ಳೆಯದೇ. ಆದರೆ ಯಾರ ಮನೆಯಲ್ಲಿ ಮಾನಸಿಕ ರೋಗಿ ಇದ್ದಾರೆ ಅಂತ ಠಾಣೆಯಲ್ಲಿ ಒಂದು ಪಟ್ಟಿ ಎದ್ದರೆ ಅದು ರೌಡಿ ಶೀಟಿನ ಪಕ್ಕದಲ್ಲೇ ಕೂರುತ್ತದೆ. ರೋಗಿಯ ವಿಷಯ ಗುಟ್ಟಾಗಿರಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ. ಪಟ್ಟಿ ಆಸ್ಪತ್ರೆಯಲ್ಲಿ ಇರಲಿ. ಪೊಲೀಸರಿಗೆ ಬೇಕಾದದ್ದು ಆಸ್ಪತ್ರೆಯವರ ನಂಬರ್.

ತಿಂಗಳಿಗೊಮ್ಮೆ ಸಬ್‌ಇನ್‌ಸ್ಪೆಕ್ಟರ್ ಮತ್ತು ಈ ತಂಡದವರು ಅರ್ಧ ಗಂಟೆ ಕೂತು ಟೀ ಕುಡಿದರೂ ಸಾಕು, ಒಬ್ಬರ ಮುಖ ಒಬ್ಬರಿಗೆ ಗೊತ್ತಾಗುತ್ತದೆ. ಡೀಸೆಲ್ಲಿಗೆ, ಜೊತೆಗೆ ಕೂರುವವರಿಗೆ ಯಾವ ಲೆಕ್ಕದಿಂದ ದುಡ್ಡು ಅಂತ ಜಿಲ್ಲಾಡಳಿತ ಒಂದು ಸಲ ತೀರ್ಮಾನಿಸಿಬಿಡಲಿ. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಹುಡುಗರಿಗೆ ಈ ನಂಬರಾದರೂ ಬಾಯಿಪಾಠ ಆಗಲಿ. ಆದರೆ ಬಾಗಿಲ ಆಚೆ ಮಚ್ಚು ಇರುವಾಗ ಆ ಹುಡುಗ ಯಾರು, ಯಾವ ಮಾತ್ರೆ ಬಿಟ್ಟಿದ್ದಾನೆ ಅಂತ ಗೊತ್ತಿರುವುದು ಅದೇ ತಾಲ್ಲೂಕಿನ ಸಿಸ್ಟರಿಗೆ.

ನಿಮ್ಮಿಂದಲೂ ಒಂದು ಆಗಬೇಕು. ‘ಹಾವಳಿ’ ಅನ್ನುವ ಪದ ಕೋತಿಗೆ, ಚಿರತೆಗೆ ಇರಲಿ. ಫೋಟೊ ಹಾಕಿದ ಮೇಲೆ ವಾರ ಬಿಟ್ಟು ನಿಮ್ಮ ವರದಿಗಾರರು ಠಾಣೆಗೆ ಫೋನ್ ಮಾಡಿ, ಆ ಮನುಷ್ಯ ಈಗ ಎಲ್ಲಿದ್ದಾನೆ, ಮಿಸ್ಸಿಂಗ್ ಎಫ್‌ಐಆರ್ ಆಯಿತಾ ಅಂತ ಕೇಳಲಿ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಲಾರಿಗೆ ಕೈ ಅಡ್ಡ ಹಾಕಲು ಯಾವ ಪೇದೆಗೂ ಧೈರ್ಯ ಬರುವುದಿಲ್ಲ.

ಕಳೆದ ತಿಂಗಳು ನಮ್ಮೂರ ಠಾಣೆಗೆ ಹೋಗಿ, ಈ ನಂಬರ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ನಾನೇ ಬರೆದುಕೊಡಲಾ ಅಂದೆ. ಈಗಿನ ರೈಟರ್ ಒಳ್ಳೆ ಹುಡುಗ, ‘ಲ್ಯಾಮಿನೇಷನ್ ಮಾಡಿಸಿಕೊಂಡು ಬನ್ನಿ ಸಾರ್, ಫೋನ್ ಪಕ್ಕ ಹಾಕ್ತೀನಿ’ ಅಂದ. ಸಿಸ್ಟರ್ ನಂಬರ್, ಆಸ್ಪತ್ರೆ ನಂಬರ್, 108, 14416 ಎಲ್ಲ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ರಾತ್ರಿ ಎಂಟರ ಮೇಲೆ ಯಾರಿಗೆ ಮಾಡಬೇಕು ಅನ್ನುವ ಸಾಲಿನ ಮುಂದೆ ಜಾಗ ಇನ್ನೂ ಖಾಲಿ. ಅದಕ್ಕೇ ಲ್ಯಾಮಿನೇಷನ್ ಮಾಡಿಸಿಲ್ಲ.

ಹೆಸರು, ಊರು ಹಾಕಬೇಡಿ.

ಇಂತಿ,
ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್