ಮೆರಿದಾದಿಂದ ಅಮ್ಮನಿಗೆ: ಎಲ್ಲಿ ಮೆಟ್ಟಿಲಿದೆ, ಎಲ್ಲಿಲ್ಲ

ಮೆರಿದಾ, ಯುಕಟಾನ್, ಮೆಕ್ಸಿಕೋ

ಅಮ್ಮನಿಗೆ ನಮಸ್ಕಾರ. ನಾವಿಲ್ಲಿ ಕ್ಷೇಮ. ಗೌರತ್ತೆ, ಮಂಜ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಕಾಗದ ಬಂತು. ಕೊಬ್ಬರಿ ಅಟ್ಟದ ಏಣಿ ಹತ್ತಿದರೆ ಅಪ್ಪನಿಗೆ ಏದುಸಿರು ಬರುತ್ತದೆ, ಡಾಕ್ಟರು ಬರೆದುಕೊಟ್ಟ ಎಕೋ, ಟಿ.ಎಂ.ಟಿ. ಅನ್ನುವ ಎರಡೂ ಹೃದಯ ಪರೀಕ್ಷೆಗಳನ್ನು ‘ಮೆಕ್ಸಿಕೋಗೆ ಹೋಗಿ ಬಂದ ಮೇಲೆ ನೋಡೋಣ’ ಅಂತ ಮುಂದಕ್ಕೆ ತಳ್ಳಿದ್ದಾರೆ ಅಂತ ಬರೆದಿದ್ದೀಯ. ಬಂದ ಮೇಲೆ ಅಲ್ಲಮ್ಮ, ಹೊರಡುವ ಮೊದಲೇ ಆಗಬೇಕು. ಅವರ ಹತ್ತಿರ ಜಗಳ ಆಡಬೇಡ, ಈ ಕಾಗದ ಓದಿ ಹೇಳು ಸಾಕು. ಊರು ತುಂಬ ಹತ್ತಿ ಇಳಿಯಬೇಕಾ ಅಂತ ಕೇಳಿದ್ದೀಯಲ್ಲ, ಅದರ ಲೆಕ್ಕ ಕೊಡುತ್ತೇನೆ.

ಊರು ಅಂಗೈಯಷ್ಟು ಚಪ್ಪಟೆ. ಸಮುದ್ರಮಟ್ಟಕ್ಕಿಂತ ಹತ್ತು ಮೀಟರಿನ ಆಸುಪಾಸು ಎತ್ತರ, ಅಷ್ಟೇ. ದಿಣ್ಣೆ ಇಲ್ಲ, ಹೊಳೆ ಇಲ್ಲ. ನೆಲವೆಲ್ಲ ಸುಣ್ಣಕಲ್ಲು, ಬಿದ್ದ ಮಳೆ ಹಾಗೇ ಇಂಗಿ ನೆಲದಡಿಯಲ್ಲೇ ಹರಿಯುತ್ತದೆ. ದಾರಿ ತಪ್ಪುವ ಭಯವೂ ಬೇಡ. ಬೀದಿಗಳಿಗೆ ಹೆಸರಿನ ಬದಲು ನಂಬರು: ಸಮಸಂಖ್ಯೆಯವು ಉತ್ತರ ದಕ್ಷಿಣ, ಬೆಸಸಂಖ್ಯೆಯವು ಪೂರ್ವ ಪಶ್ಚಿಮ. 60ನೇ ಬೀದಿ, 61 ಮತ್ತು 63ರ ನಡುವೆ ಅಂದರೆ ದೊಡ್ಡ ಚೌಕ. ಅಪ್ಪ ಒಂದು ಬೆಳಿಗ್ಗೆಯಲ್ಲಿ ಕಲಿತುಬಿಡುತ್ತಾರೆ. ತೊಂದರೆ ಇರುವುದು ಫುಟ್‌ಪಾತಿನದು. ಹಳೇ ಪೇಟೆಯಲ್ಲಿ ಅದು ಕಿರಿದು, ಎತ್ತರ, ಅಲ್ಲಲ್ಲಿ ಕಿತ್ತಿದೆ. ಬಸ್ಸು ಮೈಗೆ ತಾಗುವಷ್ಟು ಹತ್ತಿರ ಹೋಗುತ್ತದೆ. ಗೋಡೆಯ ಕಡೆ ಅವರು, ರಸ್ತೆಯ ಕಡೆ ನಾವು.

ಚೌಕದಲ್ಲಿ ನೋಡುವುದೆಲ್ಲ ಹತ್ತಿರ ಹತ್ತಿರವೇ ಇದೆ. ಪೂರ್ವಕ್ಕೆ ದೊಡ್ಡ ಚರ್ಚು, 1561ರಲ್ಲಿ ಶುರುವಾಗಿ 1598ಕ್ಕೆ ಮುಗಿದದ್ದು. ಇಲ್ಲಿ ಮೊದಲು ತಿಹೋ ಅನ್ನುವ, ಇಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಪಟ್ಟಣವಿತ್ತು. 1542ರಲ್ಲಿ ಸ್ಪೇನಿನವರು ಅದರ ಮೇಲೇ ಊರು ಕಟ್ಟಿದರು. ಪಿರಮಿಡ್ಡುಗಳನ್ನು ಕೆಡವಿ ಆ ಕಲ್ಲನ್ನೇ ಚರ್ಚಿಗೆ ಹಾಕಿದರು. ದಕ್ಷಿಣಕ್ಕೆ ಊರು ಕಟ್ಟಿದ ಮೊಂತೆಹೋ ಮನೆತನದ ಮನೆ. ಅದರ ಹೆಬ್ಬಾಗಿಲ ಮೇಲ್ಗಡೆ ಸರಿಯಾಗಿ ನೋಡಬೇಕು: ಭರ್ಜಿ ಹಿಡಿದ ಇಬ್ಬರು ಸ್ಪ್ಯಾನಿಷ್ ಸೈನಿಕರು ನಿಂತಿದ್ದಾರೆ, ಅವರ ಕಾಲಡಿಯಲ್ಲಿ ಬಾಯಿ ತೆರೆದು ಕಿರುಚುವ ತಲೆಗಳಿವೆ. ಗೆದ್ದವರು ನಾಚಿಕೆಯಿಲ್ಲದೆ ಕೆತ್ತಿಸಿಕೊಂಡಿದ್ದು. ಬೀದಿಯ ಆಚೆಬದಿಯಲ್ಲಿ ನಿಂತರೆ ಪೂರ್ತಿ ಕಾಣುತ್ತದೆ, ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ಉತ್ತರದ ಸರ್ಕಾರಿ ಅರಮನೆಯಲ್ಲಿ ಫೆರ್ನಾಂದೋ ಕಾಸ್ತ್ರೋ ಪಚೇಕೋ ಬರೆದ ದೊಡ್ಡ ಚಿತ್ರಗಳಿವೆ. ಮಾಯಾ ಜನ ಪಟ್ಟ ಪಾಡು ಇತಿಹಾಸದ ಪುಸ್ತಕಕ್ಕಿಂತ ಅವುಗಳಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಅದು ಮಾತ್ರ ಮಹಡಿ ಮೇಲೆ. ಅಲ್ಲಿಗೆ ಹೋಗಬೇಕೋ ಬೇಡವೋ ಅನ್ನುವುದನ್ನು ರಿಪೋರ್ಟು ನೋಡಿ ತೀರ್ಮಾನ ಮಾಡೋಣ.

ಸುಸ್ತಾದರೆ ಕೂರುವುದಕ್ಕೆ ಪಾರ್ಕುಗಳಲ್ಲಿ ವಿಚಿತ್ರ ಬಿಳಿ ಜೋಡಿ ಕುರ್ಚಿಗಳಿವೆ. ಇಬ್ಬರೂ ಎದುರುಬದುರು ಮುಖ ಮಾಡಿ ಕೂರುತ್ತಾರೆ, ಆದರೆ ಮೈ ತಾಗದ ಹಾಗೆ ನಡುವೆ ತೋಳು ಅಡ್ಡ ಬರುತ್ತದೆ. ನಿನಗೂ ಅಪ್ಪನಿಗೂ ಅದರಲ್ಲಿ ಒಂದು ಫೋಟೋ ತೆಗೆಯಲೇಬೇಕು.

ಅಪ್ಪನಿಗೆ ನಿಜವಾಗಿ ಹಿಡಿಸುವುದು ಕತ್ತಾಳೆ. ನಮ್ಮ ಬೇಲಿಯ ಕತ್ತಾಳೆಯ ಜಾತಿಯದೇ ಗಿಡ, ಇಲ್ಲಿ ಎನೆಕೆನ್ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಕಟಾವು ಯಂತ್ರಗಳಿಗೆ ಸಿವುಡು ಕಟ್ಟುವ ಹುರಿ ಹೆಚ್ಚಾಗಿ ಈ ನಾರಿನದೇ ಆಗಿತ್ತು. ಮೊಂತೆಹೋ ರಸ್ತೆಯ ಬಂಗಲೆಗಳೆಲ್ಲ ಆ ದುಡ್ಡಿನವು. ಗಿಡ ಕೊಯ್ದವರು ಸಾಲದಲ್ಲಿ ಸಿಕ್ಕಿಬಿದ್ದ ಮಾಯಾ ಕೂಲಿಗಳು. ಪ್ಲಾಸ್ಟಿಕ್ ಹಗ್ಗ ಬಂದು ಎಲ್ಲ ಕುಸಿಯಿತು. ತೆಕೋ ಹತ್ತಿರ ಸೋತುತಾ ದೆ ಪಿಯೋನ್ ಅನ್ನುವ ಹಳೇ ಎಸ್ಟೇಟಿನಲ್ಲಿ ಈಗಲೂ ಮಾಡಿ ತೋರಿಸುತ್ತಾರೆ. ನೆಟ್ಟು ಆರೇಳು ವರ್ಷಕ್ಕೆ ಮೊದಲ ಕೊಯ್ಲು. ಕೆಳಗಿನ ಹೊರಗಿನ ಎಲೆ ಮಾತ್ರ ಕೊಯ್ಯಬೇಕು, ಸುಳಿಗೆ ಕೈ ಹಾಕಿದರೆ ಗಿಡ ಹೋಯಿತು. ಅಂಚಿನ ಮುಳ್ಳು ಸವರಿ, ಯಂತ್ರಕ್ಕೆ ಕೊಟ್ಟರೆ ತಿರುಳು ಒಂದು ಕಡೆ ಬೀಳುತ್ತದೆ, ಹಸಿರು ನಾರು ಇನ್ನೊಂದು ಕಡೆ. ಬಿಸಿಲಿಗೆ ಹರಡಿದರೆ ಅದೇ ತಿಳಿಹಳದಿ ಆಗುತ್ತದೆ. ತೋಟ ಸುತ್ತುವುದಕ್ಕೆ ಹೇಸರಗತ್ತೆ ಎಳೆಯುವ ಹಳಿಬಂಡಿ ಇದೆ, ನಡೆಯುವ ಪ್ರಮೇಯ ಕಡಿಮೆ. ಕೊನೆಯಲ್ಲಿ ಸೆನೋಟೆ, ಅಂದರೆ ಸುಣ್ಣಕಲ್ಲಿನ ಚಾವಣಿ ಕುಸಿದು ಬಾಯಿ ಬಿಟ್ಟ ನೀರಿನ ಗುಂಡಿ. ಅದಕ್ಕೆ ಇಳಿಯುವ ಮೆಟ್ಟಿಲು ಒದ್ದೆ, ಪಾಚಿ. ಅಪ್ಪ ಮೇಲೇ ಕೂರಲಿ. ನೀನು ಇಳಿಯುವುದಾದರೆ ಅವತ್ತು ತಲೆಗೆ ಎಣ್ಣೆ ಬೇಡ, ಮೈಗೆ ಕ್ರೀಮೂ ಬೇಡ. ನೀರು ಕೆಡುತ್ತದೆ ಅಂತ ಮೊದಲು ಸ್ನಾನ ಮಾಡಿಸುತ್ತಾರೆ.

ಚಿಚೆನ್ ಇಟ್ಜಾ ಅನ್ನುವ ಹಳೇ ಮಾಯಾ ಪಟ್ಟಣದ ದೊಡ್ಡ ಪಿರಮಿಡ್ಡಿಗೆ ಒಂದೊಂದು ಕಡೆ 91 ಮೆಟ್ಟಿಲು ಅಂತ ಮಂಜ ಹೆದರಿಸಿದನಂತೆ. ಅದನ್ನು ಹತ್ತುವುದಕ್ಕೆ ಯಾರನ್ನೂ ಬಿಡುವುದಿಲ್ಲ ಅಂತ ಹೇಳು ಅವನಿಗೆ. ನಿಜವಾಗಿ ಅಪಾಯವಿರುವುದು ಇಜಮಾಲಿನಲ್ಲಿ. ಊರಿಗೆ ಊರೇ ಹಳದಿ ಬಣ್ಣ ಬಳಿದ ಪುಟ್ಟ ಪೇಟೆ, ಮಾಯಾ ಜಗತಿಯ ಮೇಲೆ ಕೂತ ಫ್ರಾನ್ಸಿಸ್ಕನ್ ಮಠ. ಅದರಾಚೆ ಕಿನಿಚ್ ಕಕ್ಮೋ ಪಿರಮಿಡ್ಡು, ಅದನ್ನು ಹತ್ತಲು ಬಿಡುತ್ತಾರೆ. ಮೆಟ್ಟಿಲು ಕಡಿದು, ಕಲ್ಲು ಸವೆದಿದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅಪ್ಪ ‘ಇಷ್ಟೇನಾ’ ಅಂತ ಹೊರಟುಬಿಡುವ ಜಾತಿ, ಅದಕ್ಕೇ ಈಗಲೇ ಹೇಳಿಟ್ಟಿರು.

ಪೊಮುಚ್ ಅನ್ನುವ ಊರಿನ ಸ್ಮಶಾನದ ವಿಷಯ ನಿನಗೆ ಮಾತ್ರ ಬರೆಯುತ್ತಿದ್ದೇನೆ. ಮಣ್ಣು ಮಾಡಿ ಮೂರು ವರ್ಷಕ್ಕೆ ಮೂಳೆ ತೆಗೆದು, ಬ್ರಷ್ಷಿನಲ್ಲಿ ಒರೆಸಿ, ಕಸೂತಿ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ವರ್ಷಕ್ಕೊಮ್ಮೆ, ನವೆಂಬರ್ 2ರ ಹಬ್ಬದೊಳಗೆ, ಮನೆಯವರೇ ಬಂದು ಮತ್ತೆ ಒರೆಸಿ ಬಟ್ಟೆ ಬದಲಾಯಿಸುತ್ತಾರೆ. ನಮ್ಮ ಪಿತೃಪಕ್ಷದಷ್ಟೇ ಶ್ರದ್ಧೆ. ಆದರೂ ಈ ಸಲ ಅದು ಬೇಡ.

ಮಲಗಲು ತೂಗುಮಂಚ, ಅಂದರೆ ದಾರದ ಬಲೆ. ಇಲ್ಲಿ ಎಷ್ಟೋ ಮನೆಗಳ ಗೋಡೆಗಳಲ್ಲಿ ಕೊಕ್ಕೆ ಕೂರಿಸಿರುತ್ತಾರೆ. ಉದ್ದಕ್ಕೆ ಮಲಗಿದರೆ ಬೆನ್ನು ಬಾಳೆಹಣ್ಣಾಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬೇಕು, ಆಗ ಬಲೆ ಸಮ ಬರುತ್ತದೆ. ಅಪ್ಪನಿಗೆ ಮಂಚವೂ ಇದೆ, ಯೋಚನೆ ಬೇಡ.

ಊಟದಲ್ಲಿ ಒಂದೇ ಎಚ್ಚರ: ಅವರೆಯಂಥ ಕಾಳಿನ ಪಲ್ಯಕ್ಕೂ ಹಂದಿಕೊಬ್ಬು ಹಾಕುತ್ತಾರೆ, ‘ಸಿನ್ ಮಾಂತೇಕಾ’, ಅಂದರೆ ಹಂದಿಕೊಬ್ಬು ಬೇಡ, ಅಂತ ಹೇಳಿಯೇ ಆರ್ಡರ್ ಮಾಡಬೇಕು. ಸಿಕಿಲ್ ಪಾಕ್ ಧೈರ್ಯವಾಗಿ ತಿನ್ನಬಹುದು. ಹುರಿದ ಕುಂಬಳಬೀಜದ ಪುಡಿಗೆ ಸುಟ್ಟ ಟೊಮೇಟೊ, ಕೊತ್ತಂಬರಿ, ಖಾರ, ನಮ್ಮ ಚಟ್ನಿಯೇ. ಅಪ್ಪನ ತಟ್ಟೆಗೆ ಉಪ್ಪು ಕಡಿಮೆ ಹಾಕಿ ನಾನೇ ಮಾಡುತ್ತೇನೆ.

ನೀವು ಬರುವ ಜನವರಿಯಲ್ಲಿ ಹಗಲು ಮೂವತ್ತರ ಆಸುಪಾಸು, ರಾತ್ರಿ ತಂಪು, ಉತ್ತರದ ಗಾಳಿ ಎದ್ದರೆ ಒಂದು ಸ್ವೆಟರ್ ಬೇಕು. ಏಪ್ರಿಲ್ ಮೇ ತಿಂಗಳ ಬಿಸಿಲು ಕೆಲವು ದಿನ 40 ದಾಟುತ್ತದೆ, ಅದಕ್ಕೇ ಪ್ರಯಾಣ ಮುಂದಕ್ಕೆ ಹಾಕುವುದು ಬೇಡ ಅಂದದ್ದು. ಟಿ.ವಿ.ಯಲ್ಲಿ ತೋರಿಸುವ ಗುಂಡು ಹಾರಾಟ ಈ ರಾಜ್ಯದ್ದಲ್ಲ. ರಾತ್ರಿ ಹತ್ತಕ್ಕೂ ಹೆಂಗಸರು ಮಕ್ಕಳು ಚೌಕದಲ್ಲಿರುತ್ತಾರೆ. ಆಸ್ಪತ್ರೆಗಳು ಚೆನ್ನಾಗಿವೆ, ಹೃದಯದ ಡಾಕ್ಟರೂ ಇದ್ದಾರೆ, ಅವರ ಅಗತ್ಯ ಬಾರದಿರಲಿ ಅಂತಲೇ ಮೊದಲು ಪರೀಕ್ಷೆ ಆಗಲಿ ಅನ್ನುತ್ತಿರುವುದು, ನೀನು ಸುಮ್ಮನೆ ನಿದ್ದೆ ಕೆಡಿಸಿಕೊಳ್ಳಬೇಡ.

ಸೋಮವಾರವೇ ಮಂಜನ ಜೊತೆ ತುಮಕೂರಿಗೆ ಕಳಿಸು. ರಿಪೋರ್ಟು ಬಂದ ಮೇಲೇ ಟಿಕೆಟ್ ಮಾಡಿಸುತ್ತೇನೆ. ಅಲ್ಲಿಯವರೆಗೆ ಅಟ್ಟಕ್ಕೆ ಮಂಜನೇ ಹತ್ತಲಿ. ಮಾತ್ರೆಯ ಚೀಟಿಯ ಫೋಟೋ ಕಳಿಸು, ಹೊಸ ಬೂಟು ಕೊಳ್ಳಬೇಡಿ, ಹಳೆಯದೇ ಸರಿ. ಹೊತ್ತಾಯಿತು, ಬಸ್ಸು ಹಿಡಿಯಬೇಕು.

ಇಂತಿ,
ಪುಟ್ಟಿ