ಅಕ್ಕ, ಆ ಗಿಡಕ್ಕೆ ದಿನಾ ನೀರು ಹಾಕಬೇಡ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕಳಿಸಿದ ಫೋಟೋ ನೋಡಿದೆ. ನನ್ನ ಕ್ಯಾಂಪ್‌ಫೈರ್ ಕ್ರಾಸುಲಾ, ಅದೇ ಆ ದಪ್ಪ ಎಲೆಯ ಕುಂಡದ ಗಿಡ, ಕೆಂಡದ ಹಾಗೆ ಕೆಂಪಗಿದೆ, ನಿನ್ನದು ಮಾತ್ರ ಪೂರ್ತಿ ಹಸಿರು, ಯಾಕೆ ಅಂತ ನೀನು ಕೇಳಿದ್ದೆ ಅಲ್ವಾ? ಫೋನಿನಲ್ಲಿ ಅರ್ಧವೇ ಹೇಳಿದ್ದೆ. ಉಳಿದದ್ದು ಇಲ್ಲಿದೆ.

ನಿನ್ನ ಗಿಡಕ್ಕೆ ರೋಗ ಏನೂ ಇಲ್ಲ. ನೆರಳಲ್ಲಿ ಆರಾಮಾಗಿದೆ, ಅಷ್ಟೇ. ಬಿಸಿಲು ಜೋರಾಗಿ ಬಿದ್ದಾಗ ಎಲೆ ತನ್ನನ್ನು ಕಾಪಾಡಿಕೊಳ್ಳಲು ಆಂಥೋಸಯನಿನ್ ಅನ್ನುವ ಕೆಂಪು ಬಣ್ಣ ತಯಾರಿಸುತ್ತದೆ. ಜೊತೆಗೆ ರಾತ್ರಿ ತಂಪಿದ್ದು, ನೀರೂ ಕಡಿಮೆಯಾದರೆ ಕೆಂಪು ಇನ್ನೂ ಏರುತ್ತದೆ. ಗೊಬ್ಬರ, ನೀರು ಜಾಸ್ತಿಯಾದರೆ ಮತ್ತೆ ಹಸಿರೇ. ಹಾಗಂತ ನಾಳೆಯೇ ಮಧ್ಯಾಹ್ನದ ಬಿಸಿಲಿಗೆ ತಂದಿಡಬೇಡ. ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ, ಆ ಕಲೆ ಆಮೇಲೆ ಹೋಗುವುದೇ ಇಲ್ಲ. ಮೊದಲು ಬೆಳಗಿನ ಬಿಸಿಲು ತೋರಿಸು. ಎರಡು ವಾರದಲ್ಲಿ ನಿಧಾನವಾಗಿ ಹೆಚ್ಚಿಸು.

ನಿನಗೆ ಕಷ್ಟವಾಗುವುದು ನೀರಿನ ವಿಷಯ. ಎಲ್ಲ ಗಿಡಕ್ಕೂ ದಿನಾ ನೀರು ಹಾಕುವವಳು ನೀನು. ಆದರೆ ಇದರ ಮೂಲ ಆಫ್ರಿಕಾದ ದಕ್ಷಿಣ ಭಾಗ. ನೀರನ್ನು ಎಲೆಯಲ್ಲೇ ತುಂಬಿಟ್ಟುಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಹಗಲು ನೀರು ಆವಿಯಾಗದಿರಲಿ ಅಂತ ಇದು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಆಮ್ಲವಾಗಿ ಕೂಡಿಡುತ್ತದೆ. ಬೆಳಗಾದ ಮೇಲೆ ಅದರಿಂದಲೇ ಆಹಾರ ಮಾಡಿಕೊಳ್ಳುತ್ತದೆ. ಎಷ್ಟು ಜಾಣ ಗಿಡ ನೋಡು!

ಅದಕ್ಕೇ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡು. ಒಳಗೂ ಪೂರ್ತಿ ಒಣಗಿದ್ದರೆ ಮಾತ್ರ, ತಳದ ತೂತಿನಿಂದ ಹರಿಯುವಷ್ಟು ನೀರು ಹಾಕು. ಎಲೆ ಸುಕ್ಕಾದರೆ ಬಾಯಾರಿದೆ ಅಂತ ಅರ್ಥ, ನೀರು ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಎಲೆ ಮೆತ್ತಗಾಗಿ ಗಾಜಿನಂತೆ ಪಾರದರ್ಶಕವಾದರೆ ಬೇರು ಕೊಳೆಯುತ್ತಿರಬಹುದು. ಉಳಿಸುವುದು ಕಷ್ಟ. ತೂತಿರುವ ಮಣ್ಣಿನ ಕುಂಡ, ಅರ್ಧದಷ್ಟು ದಪ್ಪ ಮರಳು ಬೆರೆಸಿದ ಮಣ್ಣು, ಇಷ್ಟಿದ್ದರೆ ಸಾಕು. ಮಳೆ ಹಿಡಿದುಕೊಂಡರೆ ಸೂರಿನ ಕೆಳಗೆ ಸರಿಸು.

ಎಲೆಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಬಿಡು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಬಾರದು. ಬಿಳಿ ಚುಕ್ಕಿಯಂಥ ಹೂ ಬಿಟ್ಟ ಕವಲು ಹೂ ಮುಗಿದ ಮೇಲೆ ಒಣಗಿ ಸಾಯುತ್ತದೆ. ಅದರ ಗುಣವೇ ಹಾಗೆ. ಪಕ್ಕದ ಚಿಗುರುಗಳು ಬೆಳೆಯುತ್ತವೆ. ಹೂ ಬಿಡದ ಒಂದು ಕವಲು ಮುರಿದು, ಗಾಯ ಒಣಗಲು 3-4 ದಿನ ನೆರಳಲ್ಲಿಡು. ಆಮೇಲೆ ಒಣ ಮಣ್ಣಿಗೆ ನೆಟ್ಟು, ಒಂದು ವಾರ ಬಿಟ್ಟು ನೀರು ಹಾಕು. ಬೇರು ಬಿಟ್ಟರೆ ಒಂದು ಕುಂಡ ಅಮ್ಮನಿಗೂ ಕೊಡು. ಆದರೆ ದಿನಾ ನೀರು ಹಾಕದಂತೆ ಅವಳಿಗೂ ನೀನೇ ಹೇಳಬೇಕು.

ಅಪ್ಪ, ಅಮ್ಮ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಪ್ರೀತಿ.

ಇಂತಿ ನಿನ್ನ ತಮ್ಮ